ರಾಜರು ಮೇಲಕ್ಕೆ ಏನು ಹಾಕಿಕೊಳ್ಳಬೇಕು?

ಐವತ್ತರ ಹೊಸ್ತಿಲಲ್ಲಿ ನಾನು ಮತ್ತೆ ಕಾಲೇಜಿಗೆ ಸೇರುತ್ತಿದ್ದೇನೆ ಎಂದಾಗ ನೆಂಟರಲ್ಲಿ ಎರಡು ಬಗೆಯಾಯಿತು. ಒಂದು ಬಗೆಯವರು “ಭೇಷ್” ಎಂದು ನನ್ನ ಬೆನ್ನು ತಟ್ಟಿ, ಆಮೇಲೆ ನನ್ನ ಗಂಡನ ಕಡೆ ಮರುಕದಿಂದ ನೋಡಿದರು. ಇನ್ನೊಂದು ಬಗೆಯವರು ಬೆನ್ನು ತಟ್ಟುವ ಶ್ರಮ ತೆಗೆದುಕೊಳ್ಳದೆ ನೇರವಾಗಿ ಅವರ ಕಡೆಯೇ ನೋಡಿದರು. ಏನು ಓದುತ್ತೇನೆ ಎಂದು ಹೇಳಿದ ಮೇಲೆ ಎಲ್ಲರೂ ಒಂದೇ ಬಗೆಯಾದರು. ವೇಷಭೂಷಣದ ಇತಿಹಾಸ ಮತ್ತು ತಯಾರಿಕೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ಪಾಲಿಗೆ ಅದು ಟೈಲರಿಂಗು. ನಾದಿನಿಯೊಬ್ಬಳು ಮಾರನೆಯ ವಾರವೇ ಫಾಲ್ ಹಾಕಲೆಂದು ಒಂದು ಚೀಲ ಸೀರೆ ಕಳಿಸಿದಳು. ಹಾಕಿಕೊಟ್ಟೆ.

ಮೊದಲು ನಾನು ವಿಮೆಯ ಕಚೇರಿಯಲ್ಲಿದ್ದೆ. ಪ್ರಪಂಚದಲ್ಲಿ ಏನೇನು ಕೆಟ್ಟದ್ದಾಗಬಹುದು ಎಂದು ಯೋಚಿಸುವುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಅದೇ ಕೆಲಸವನ್ನು ಮನೆಯಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದೆ. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಯಲಹಂಕದಿಂದ ಹೊರಟವಳು ಹೆಬ್ಬಾಳದಲ್ಲಿ ಬಸ್ಸಿಳಿದು ವಾಪಸು ಬಂದದ್ದಿದೆ. ಆಫ್ ಆಗಿತ್ತು. ಯಾವಾಗಲೂ ಆಗಿರುತ್ತದೆ. ಇಷ್ಟು ವರ್ಷದಲ್ಲಿ ಯಾರೂ ಹೇಳದೆ, ಯಾರಿಗೂ ಬೇಕಾಗದೆ, ನಾನಾಗಿ ಆರಿಸಿಕೊಂಡದ್ದು ಈ ಓದೊಂದೇ. ಹಾಗಾಗಿ ಇದು ಕೈಬಿಟ್ಟು ಹೋಗುತ್ತದೆ ಎಂಬ ಚಿಂತೆ ಅರ್ಜಿ ಹಾಕಿದ ದಿನದಿಂದಲೇ ಶುರುವಾಯಿತು.

ವಿಶ್ವವಿದ್ಯಾಲಯ ಇದ್ದದ್ದು ಯಲಹಂಕದಿಂದಾಚೆ, ಬಸ್ಸು ಖಾಲಿಯಾಗುವ ಕಡೆ. ಮೊದಲ ದಿನ ಹೊಲಿಗೆಯ ಲ್ಯಾಬಿನಲ್ಲಿ ಪವರ್ ಮಷಿನ್ ಮುಂದೆ ಕೂರಿಸಿದರು. ಮನೆಯ ಕಾಲಲ್ಲಿ ತುಳಿಯುವ ಮಷಿನ್ನು ಹಸುವಿನ ಹಾಗೆ, ಮಾತು ಕೇಳುತ್ತದೆ. ಇದು ಕಾಲು ತಾಕಿಸಿದ್ದೇ ತಡ ಏರ್‌ಪೋರ್ಟ್ ಟ್ಯಾಕ್ಸಿಯಂತೆ ಹೊರಟೇಬಿಟ್ಟಿತು.

“ಆಂಟಿ, ಕಾಲ್ ತೆಗೀರಿ! ಕಾಲು!” ಎಂದು ಇಡೀ ಕ್ಲಾಸು ಕೂಗಿತು.

ಗಾಬರಿಯಲ್ಲಿ ನಾನು ತೆಗೆದದ್ದು ಕೈ. ನಿಲ್ಲಿಸುವಷ್ಟರಲ್ಲಿ ನನ್ನ ದುಪಟ್ಟಾದ ತುದಿ, ಪಕ್ಕದ ಹುಡುಗಿ ಕತ್ತರಿಸಿಟ್ಟಿದ್ದ ಒಂದು ತೋಳಿಗೆ ಭದ್ರವಾಗಿ ಸೇರಿಕೊಂಡಿತ್ತು.

ಇತಿಹಾಸದ ಕ್ಲಾಸಿನಲ್ಲಿ ಮಾತ್ರ ನನಗೊಂದು ಘನತೆಯಿತ್ತು. ಅಲ್ಲಿ ನಾನು ವಿದ್ಯಾರ್ಥಿನಿಯೂ ಹೌದು, ಸಾಕ್ಷ್ಯಾಧಾರವೂ ಹೌದು.

“ಆಂಟಿ, ಬೆಲ್‌ಬಾಟಂ ನಿಮ್ಮ ಕಾಲದ್ದಾ?”

“ಅಲ್ಲಮ್ಮ, ಅದು ನಮ್ಮಣ್ಣಂದಿರ ಕಾಲದ್ದು.”

“ಮತ್ತೆ ನಿಮ್ಮದು?”

“ಭುಜಕ್ಕೆ ಸ್ಪಾಂಜ್ ಇಟ್ಟು ಚೂಡಿದಾರ್ ಹೊಲಿಸ್ತಿದ್ವಿ. ಎಲ್ಲರೂ ಪೊಲೀಸ್ ಇನ್ಸ್‌ಪೆಕ್ಟರ್ ಥರ ಕಾಣ್ತಿದ್ವಿ.”

ಬರೆದುಕೊಂಡರು.

ಹೀಗೆ ಕೊನೆಯ ವರ್ಷಕ್ಕೆ ಬಂದಾಗ ಪ್ರಾಜೆಕ್ಟ್ ಬಂತು. ನಮ್ಮ ಗೈಡ್ ಒಬ್ಬ ಮೇಡಂ, ನನಗಿಂತ ಬಹಳ ಚಿಕ್ಕವರು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ನನ್ನ ತಲೆಗೂದಲಿನ ಬಣ್ಣಕ್ಕೆ ಗೌರವ ಕೊಟ್ಟು ಅವರೂ ನನ್ನನ್ನು ಮೇಡಂ ಎನ್ನುತ್ತಿದ್ದರು. ಅವರ ಷರತ್ತು ಇಷ್ಟು: ಯಾವುದಾದರೂ ಒಂದು ಕಾಲದ ಉಡುಪನ್ನು ಆಧಾರ ಸಮೇತ ಓದಿ ತಯಾರಿಸಬೇಕು. ಅದನ್ನು ಒಬ್ಬ ನಟ ನಿಜವಾದ ಪ್ರೇಕ್ಷಕರ ಮುಂದೆ, ಮೊದಲ ಪ್ರವೇಶದಿಂದ ಮಂಗಳ ಹಾಡುವವರೆಗೂ ತೊಟ್ಟಿರಬೇಕು. ಮಧ್ಯದಲ್ಲಿ ಬಿಚ್ಚಿದರೆ ಪ್ರಾಜೆಕ್ಟ್ ಲೆಕ್ಕಕ್ಕಿಲ್ಲ. ಪ್ರಾಜೆಕ್ಟ್ ಇಲ್ಲವೆಂದರೆ ಇನ್ನೊಂದು ವರ್ಷ, ಜೂನಿಯರ್‌ಗಳ ಜೊತೆ.

ಇಪ್ಪತ್ತರಲ್ಲಿ ಫೇಲಾದರೆ ಅಪ್ಪನಿಗೊಬ್ಬನಿಗೆ ಹೆದರಿದರೆ ಸಾಕು. ಈ ವಯಸ್ಸಿನಲ್ಲಿ ಫೇಲಾದರೆ ಮನೆತನದ ವಾಟ್ಸಾಪ್ ಗುಂಪಿಗೆ ಹೆದರಬೇಕು.

ನಟನನ್ನು ಹುಡುಕಿಕೊಂಡು ನಾನು ದೂರ ಹೋಗಬೇಕಾಗಲಿಲ್ಲ. ನಮ್ಮ ಮನೆ ಓನರ್ರೇ ನಟರು. ಚಿಕ್ಕಜಾಲದ ಕಡೆಯ ಹಳೇ ರೈತ ಮನೆತನ. ಜಮೀನೆಲ್ಲ ಲೇಔಟಾದ ಮೇಲೆ ಉಳುವ ಕೆಲಸ ನಿಂತು ಅವರ ಕಂಠಕ್ಕೆ ಪುರುಸೊತ್ತು ಸಿಕ್ಕಿತ್ತು. ವರ್ಷಕ್ಕೊಂದು ಪೌರಾಣಿಕ ನಾಟಕ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ ತಿಂಗಳುಗಟ್ಟಲೆ ಅಭ್ಯಾಸ. ಹಿಂದೆಲ್ಲ ಬೆಳಗಿನ ಜಾವದ ತನಕ ಆಡುತ್ತಿದ್ದರಂತೆ. ಈಗ ರಾತ್ರಿ ಮೈಕಿಗೆ ಪೊಲೀಸರು ಬಿಡುವುದಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಶುರು ಮಾಡಿ, ನಡುವೆ ಊಟ ಹಾಕಿಸಿ, ಸಂಜೆಯೊಳಗೆ ಧರ್ಮವನ್ನು ಗೆಲ್ಲಿಸಿಬಿಡುತ್ತಾರೆ. ನಡೆಯುವ ಜಾಗ ಓನರ್ರದ್ದೇ ಕಲ್ಯಾಣ ಮಂಟಪ. ಅವರದ್ದು ಯಾವಾಗಲೂ ರಾಜನ ಪಾತ್ರ, ಗದೆ ಹಿಡಿದು ಕೊನೆಗೆ ದಾಯಾದಿಯ ಕೈಯಲ್ಲಿ ಸೋಲುವ ರಾಜ. ದಾಯಾದಿಯ ಪಾತ್ರ ಮಾಡುವವರು ಅವರ ನಿಜವಾದ ದಾಯಾದಿ, ಚಿಕ್ಕಪ್ಪನ ಮಗ. ಇಬ್ಬರ ನಡುವೆ ಒಂದು ಜಮೀನಿನ ಕೇಸು ಕೋರ್ಟಿನಲ್ಲಿರುವುದರಿಂದ ಅಭಿನಯಕ್ಕೆ ಯಾರೂ ಕಷ್ಟಪಡಬೇಕಾಗಿರಲಿಲ್ಲ.

ನಾನು ರಾಜನ ಉಡುಪು ಮಾಡಿಕೊಡುತ್ತೇನೆ ಎಂದದ್ದೇ ಓನರ್ರು ಎದ್ದು ನಿಂತರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ: ಈ ಸಲ ಬಾಡಿಗೆ ಡ್ರೆಸ್ಸಲ್ಲ, ಯೂನಿವರ್ಸಿಟಿ ಡ್ರೆಸ್ಸು. ದಾಯಾದಿ ತಕ್ಷಣ ಹೊಸ ಮಖಮಲ್ಲಿನ ಕೋಟಿಗೆ ಆರ್ಡರ್ ಕೊಟ್ಟರೆಂದು ತಿಳಿಯಿತು.

ನಾನು ತಿಂಗಳುಗಟ್ಟಲೆ ಹಳೆಯ ಶಿಲ್ಪಗಳ ಫೋಟೋ ನೋಡಿ, ಪುಸ್ತಕ ಓದಿ, ಕೊನೆಗೆ ಒಂದು ಚಿತ್ರ ಬರೆದು ಅವರ ಮುಂದಿಟ್ಟೆ. ಸೊಂಟಕ್ಕೆ ಕಚ್ಚೆ ಹಾಕಿ ಉಟ್ಟ ಕೈಮಗ್ಗದ ಬಟ್ಟೆ, ಅದರ ಮೇಲೊಂದು ಪಟ್ಟಿ, ಭುಜದ ಮೇಲೊಂದು ಉತ್ತರೀಯ. ಎಲ್ಲೂ ಒಂದು ಹೊಲಿಗೆಯಿಲ್ಲ. ಓನರ್ರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

“ಚೆನ್ನಾಗೈತೆ ಮೇಡಮ್ಮೋರೆ. ಇದು ಒಳಕ್ಕೆ. ಮ್ಯಾಲಕ್ಕೇನು?”

“ಮೇಲಕ್ಕೆ ಏನೂ ಇಲ್ಲ ಗೌಡ್ರೇ.”

“ಏನೂ ಇಲ್ಲ ಅಂದ್ರೆ?”

“ಒಡವೆ ಇರುತ್ತೆ.”

“ಒಡವೆ ಇರ್ಲಿ ತಾಯಿ, ಬಟ್ಟೆ?”

“ಇದೇ ಬಟ್ಟೆ.”

ಓನರ್ರು ಒಳಗೆ ತಿರುಗಿ ಹೆಂಡತಿಯನ್ನು ಕೂಗಿದರು. “ಲೇ, ಬಾರಮ್ಮಿ ಇಲ್ಲಿ. ರಾಜರು ಬಟ್ಟೆ ಆಕ್ಕೊತಿರ್ಲಿಲ್ವಂತೆ.”

ಓನರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಚಿತ್ರ ನೋಡಿದರು. “ಮದ್ವೆ ಗಂಡು ಕಾಶಿಯಾತ್ರೆಗೆ ಒಂಟಂಗೈತೆ. ಗದೆ ಯಾಕೆ, ಒಂದು ಛತ್ರಿ ಕೊಟ್ಬುಡಿ ಕೈಗೆ.”

ನಾನು ಕ್ಲಾಸಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ. ನಾಟಕದ ರಾಜರಿಗೆ ಮಖಮಲ್ಲಿನ ಕೋಟು ಬಂದದ್ದು ಈಚೆಗೆ, ಊರೂರು ಸುತ್ತುವ ಕಂಪನಿಗಳ ಕಾಲದಲ್ಲಿ. ಪುರಾಣದ ರಾಜರಿಗೂ ಅದಕ್ಕೂ ಸಂಬಂಧವಿಲ್ಲ.

“ಎಷ್ಟು ಈಚೆಗೆ?”

“ನೂರು, ನೂರೈವತ್ತು ವರ್ಷ ಇರಬಹುದು.”

“ನೂರು ವರ್ಷದ ಕೋಟು ಇತಿಹಾಸ ಅಲ್ವಾ? ಇತಿಹಾಸ ಅಂದ್ರೆ ಬರೀ ಮೈಲೇ ಇರ್ಬೇಕಾ?”

ನನಗೆ ಭಯ ಹತ್ತಿತು. ಇವರು ಒಲ್ಲೆ ಎಂದರೆ ಪ್ರಾಜೆಕ್ಟ್ ಹೋಗುತ್ತದೆ, ನಾನು ಹೆಚ್ಚು ವಾದ ಮಾಡಿದರೆ ಮನೆಯೂ ಹೋಗುತ್ತದೆ. ಆದರೆ ಓನರ್ರಿಗೂ ಹಿಂದೆ ಸರಿಯುವ ಹಾಗಿರಲಿಲ್ಲ. ಯೂನಿವರ್ಸಿಟಿ ಡ್ರೆಸ್ಸು ಎಂದು ಸಾರಿಯಾಗಿತ್ತು. ಈಗ ಬಾಡಿಗೆ ಕೋಟಿನಲ್ಲಿ ಬಂದರೆ ದಾಯಾದಿ ಜನ್ಮವಿಡೀ ಆಡಿಕೊಳ್ಳುತ್ತಾರೆ. ದೇವರ ಮನೆಯ ಕಡೆ ಕೈಮುಗಿದು ಹೇಳಿದರು: “ಆಯ್ತು. ಒಂದ್ಸಲ ಉಟ್ಟ ಮ್ಯಾಲೆ ಮಂಗಳ ಆಗೋಗಂಟ ತೆಗ್ಯಾಕಿಲ್ಲ. ಮಾತು ಅಂದ್ರೆ ಮಾತು.”

ಆ ಮಾತಿನಿಂದ ನನಗೆ ಸಮಾಧಾನವಾಗಬೇಕಿತ್ತು. ಅವರಾಗಿ ತೆಗೆಯುವುದಿಲ್ಲ, ಸರಿ. ತಾನಾಗಿ ಬಿದ್ದರೆ?

ಇದು ನನ್ನ ತಲೆ ಹೊಕ್ಕಿದ್ದೇ ಹೊಕ್ಕಿದ್ದು, ಆಮೇಲೆ ಬೇರೆ ಏನೂ ಹೊಗಲಿಲ್ಲ. ಬಟ್ಟೆಯಂಚಿನ ಕೆಂಪು ಬಣ್ಣಕ್ಕೆಂದು ಅಡುಗೆಮನೆಯಲ್ಲಿ ಮಂಜಿಷ್ಠದ ಬೇರು ಕುದಿಸುತ್ತಿದ್ದೆ. ಗಂಡ ಬಂದು ಮುಚ್ಚಳ ತೆಗೆದು ಪರಿಮಳ ನೋಡಿ, “ಸಾರಿಗೆ ಒಗ್ಗರಣೆ ಆಯ್ತಾ?” ಎಂದರು. ನಾನು “ಕಚ್ಚೆ ಬಿದ್ದುಹೋದ್ರೆ?” ಎಂದೆ. ಮದುವೆಯಾಗಿ ಇಷ್ಟು ವರ್ಷವಾದ್ದರಿಂದ ಅವರು ಯಾರದ್ದು ಎಂದು ಕೇಳಲಿಲ್ಲ, ಮುಚ್ಚಳ ಮುಚ್ಚಿ ಹೋದರು.

ಬಟ್ಟೆ ಸಿದ್ಧವಾದ ಮೇಲೆ ಪ್ರಯೋಗ ನಡೆದದ್ದು ಗಂಡನ ಮೇಲೆಯೇ. ನಡುಮನೆಯಲ್ಲಿ ಕಚ್ಚೆ ಉಡಿಸಿ, ಕೈಗೆ ನೆಲ ಒರೆಸುವ ಮಾಪ್ ಕೊಟ್ಟು, “ಗದೆ ಬೀಸಿ” ಎಂದೆ. ಬೀಸಿದರು. “ಹಾರಿ.” ಹಾರಿದರು. “ತೊಡೆ ತಟ್ಟಿಕೊಂಡು ಕೂತೇಳಿ.” ಕೂತರು. ಏಳುವುದಕ್ಕೆ ನಾನೇ ಕೈ ಕೊಡಬೇಕಾಯಿತು. ಬಟ್ಟೆ ಬೀಳಲಿಲ್ಲ. ಆದರೂ ಇರಲಿ ಎಂದು ಒಳಗೊಂದು ಲಾಡಿ ಕಟ್ಟಿದೆ. ಲಾಡಿ ಜಾರಿದರೆ ಎಂದು ಅಲ್ಲಲ್ಲಿ ಪಿನ್ನು ಹಾಕಿದೆ. ಪಿನ್ನು ಬಿಚ್ಚಿಕೊಂಡರೆ ಎಂದು ಎರಡು ಹೊಲಿಗೆ ಹಾಕಿದೆ.

ಮೇಡಂ ಬಟ್ಟೆಯನ್ನು ತಿರುಗಿಸಿ ನೋಡಿ, “ಮೇಡಂ, ಆ ಕಾಲದಲ್ಲಿ ಸೇಫ್ಟಿ ಪಿನ್ ಇರಲಿಲ್ಲ” ಎಂದರು.

“ಆ ಕಾಲದಲ್ಲಿ ನಾನೂ ಇರಲಿಲ್ಲ ಮೇಡಂ.”

ಅವರು ನಕ್ಕರು. ನಕ್ಕು ಎಲ್ಲವನ್ನೂ ಬಿಚ್ಚಿಸಿದರು. ಹೊಲಿಗೆಯಿಲ್ಲದ ಉಡುಪು ಎಂದು ನಾನೇ ಬರೆದುಕೊಟ್ಟಿದ್ದೆನಲ್ಲ. ಲಾಡಿಯೂ ಇಲ್ಲ, ಪಿನ್ನೂ ಇಲ್ಲ. ಸೊಂಟದ ಪಟ್ಟಿಯೊಂದೇ ಗತಿ.

ನಾಟಕದ ಭಾನುವಾರ ಕಲ್ಯಾಣ ಮಂಟಪದ ವಧುವಿನ ಕೋಣೆ ಗ್ರೀನ್‌ರೂಮಾಗಿತ್ತು. ದಾಯಾದಿ ಆಗಲೇ ಸಿದ್ಧರಾಗಿ ಕನ್ನಡಿ ಮುಂದೆ ನಿಂತಿದ್ದರು. ನೇರಳೆ ಮಖಮಲ್ಲಿನ ಕೋಟು, ರೆಕ್ಕೆಯಷ್ಟಗಲದ ಭುಜಕೀರ್ತಿ, ಎದೆಪದಕದ ನಡುವೆ ಬ್ಯಾಟರಿಯಲ್ಲಿ ಮಿನುಗುವ ಒಂದು ಪುಟ್ಟ ಲೈಟು. ನಮ್ಮ ರಾಜರು ಮೂಲೆಯಲ್ಲಿ ಬನಿಯನ್ ಬಿಚ್ಚಲು ಒಲ್ಲೆ ಎಂದು ಕೂತಿದ್ದರು. ಓನರಮ್ಮ ಗದರಿ ಬಿಚ್ಚಿಸಿದರು. ಉಡಿಸುವುದಕ್ಕೆ ನಾನು ಕೈ ಹಾಕಿದಾಗ ಓನರಮ್ಮ ಪಕ್ಕದಲ್ಲೇ ನಿಂತು ಒಂದೊಂದು ನೆರಿಗೆಯನ್ನೂ ಕಾವಲು ಕಾದರು.

ದಾಯಾದಿ ಕನ್ನಡಿಯಲ್ಲೇ ನೋಡುತ್ತ, “ಏನಣ್ಣಾ, ಸ್ನಾನಕ್ಕೆ ಒಂಟ್ಯಾ?” ಎಂದರು.

“ನಿಂಗೆ ನೀರ್ ಬಿಡಾಕೆ ಬತ್ತಾವ್ನಿ, ನಡಿ” ಎಂದರು ಓನರ್ರು. ಆದರೆ ಅವರ ಮುಖ ಸಣ್ಣಗಾಗಿತ್ತು.

ನಾನು ಮೇಡಂ ಪಕ್ಕದಲ್ಲಿ ಎರಡನೇ ಸಾಲಿನಲ್ಲಿ ಕೂತೆ. ಪರದೆ ಸರಿಯಿತು. ರಾಜರು ಗದೆ ಹೊತ್ತು ಪ್ರವೇಶಿಸಿದರು. ಚಪ್ಪಾಳೆ ಬೀಳಬೇಕಾದ ಜಾಗದಲ್ಲಿ ಮಂಟಪವಿಡೀ ಮೌನವಾಯಿತು. ಆ ಮೌನದಲ್ಲಿ ಹಿಂದಿನಿಂದ ಒಬ್ಬ ಅಜ್ಜಿಯ ಧ್ವನಿ ಸ್ಪಷ್ಟವಾಗಿ ಕೇಳಿಸಿತು:

“ಅಡಿಗೆಯವ್ನು ಯಾಕ್ಲಾ ಸ್ಟೇಜ್ ಅತ್ತವ್ನೆ? ಊಟಕ್ಕೇಳ್ಬೇಕಾ?”

ನಗು ಉಕ್ಕಿತು. ಓನರ್ರು ಹಾಡು ಎತ್ತಿಕೊಂಡರು. ಕಂಠ ಒಳ್ಳೆಯದು, ಆದರೆ ಒಂದು ಕೈ ಉತ್ತರೀಯವನ್ನು ಎಳೆದು ಎಳೆದು ಎದೆ ಮುಚ್ಚಿಕೊಳ್ಳುತ್ತಿತ್ತು. ಈಗ ಇವರು ಒಳಗೆ ಹೋಗಿ ಕೋಟು ಹಾಕಿಕೊಂಡು ಬರುತ್ತಾರೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಆಗ ಸನ್ಮಾನ ಶುರುವಾಯಿತು.

ನೋಡದವರಿಗೆ ಇದನ್ನು ಹೇಳಬೇಕು. ಈ ನಾಟಕಗಳಲ್ಲಿ ಪಾತ್ರಧಾರಿಯ ನೆಂಟರು ದೃಶ್ಯದ ಮಧ್ಯದಲ್ಲೇ ಸ್ಟೇಜ್ ಹತ್ತಿ, ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆಸಿಕೊಂಡು ಇಳಿಯುತ್ತಾರೆ. ಅಷ್ಟು ಹೊತ್ತು ಹಾರ್ಮೋನಿಯಂ ಶ್ರುತಿ ಹಿಡಿದುಕೊಂಡು ಕಾಯುತ್ತದೆ, ಸಿಂಹಾಸನದ ಪಕ್ಕದ ಮಂತ್ರಿ ಸ್ವಲ್ಪ ಸರಿದು ಜಾಗ ಬಿಡುತ್ತಾನೆ. ಆಮೇಲೆ ಪಾತ್ರಧಾರಿ ಶಾಲು, ಹಾರ ಎಲ್ಲ ತೆಗೆದು ಪರದೆಯ ಹಿಂದಕ್ಕೆ ಕೊಟ್ಟು ಹಾಡು ಮುಂದುವರಿಸುತ್ತಾನೆ. ಇದು ನನಗೂ ಗೊತ್ತಿತ್ತು.

ನಮ್ಮ ರಾಜರು ತೆಗೆಯಲಿಲ್ಲ.

ಮೊದಲು ಬೀಗರು ಬಂದು ಜರಿಯಂಚಿನ ಶಾಲು ಹೊದಿಸಿದರು. ಅದು ಉಳಿಯಿತು. ಅಳಿಯ ಬಂದು ಮೈಸೂರು ಪೇಟ ಇಟ್ಟರು. ಅದೂ ಉಳಿಯಿತು. ಹಾಲಿನ ಡೈರಿಯವರು ರೇಷ್ಮೆ ಶಾಲು, ಲೇಔಟಿನ ನಿವಾಸಿಗಳು ಹಸಿರು ಶಾಲು, ಯಾರೋ ಒಬ್ಬರು ಮುತ್ತಿನ ಹಾರ, ಇನ್ಯಾರೋ ಏಲಕ್ಕಿ ಹಾರ. ಕೊನೆಗೆ ನಾಲ್ಕು ಜನ ಸೇರಿ ಹೊತ್ತುಕೊಂಡು ಬಂದ ಸೇಬಿನ ಹಾರ. ನೋಡನೋಡುತ್ತಿದ್ದಂತೆ ನನ್ನ ತಿಂಗಳುಗಟ್ಟಲೆಯ ಸಂಶೋಧನೆ ಪದರ ಪದರವಾಗಿ ಮುಚ್ಚಿಹೋಯಿತು. ಮೇಲೊಂದು ಮುಖ, ಪಕ್ಕದಲ್ಲೊಂದು ಗದೆ, ನಡುವೆ ಜರಿಯ ಗುಡ್ಡ.

“ಈಗ ನೋಡ್ಲಾ, ರಾಜ ಅಂದ್ರೆ!” ಎಂದಿತು ಅದೇ ಅಜ್ಜಿಯ ಧ್ವನಿ. ಶಿಳ್ಳೆ ಬಿತ್ತು.

ಬೀಳುವುದರ ಬಗ್ಗೆ ನಾನು ಯೋಚಿಸದೆ ಬಿಟ್ಟದ್ದು ಒಂದೂ ಇರಲಿಲ್ಲ. ಏರುವುದರ ಬಗ್ಗೆ ಒಂದು ಕ್ಷಣವೂ ಯೋಚಿಸಿರಲಿಲ್ಲ.

ದಾಯಾದಿಗೂ ಸನ್ಮಾನಕ್ಕೇನೂ ಕಡಿಮೆಯಿರಲಿಲ್ಲ. ಆದರೆ ಅವರ ಮೇಲೆ ಶಾಲು ನಿಲ್ಲುತ್ತಿರಲಿಲ್ಲ. ಹೊಸ ಮಖಮಲ್ಲು ನುಣುಪು, ಹೊದಿಸಿದ್ದೆಲ್ಲ ಜಾರಿ ಜಾರಿ ನೆಲಕ್ಕೆ. ಒಂದು ಶಾಲು ಭುಜಕೀರ್ತಿಗೆ ಸಿಕ್ಕಿ ಟವೆಲ್ ಒಣಗಲು ಹಾಕಿದ ಹಾಗೆ ನೇತಾಡಿತು. ನಮ್ಮವರ ಒರಟು ಹತ್ತಿಯ ಉತ್ತರೀಯದ ಮೇಲೆ ಮಾತ್ರ ಎಲ್ಲವೂ ಹಾಕಿದ ಜಾಗದಲ್ಲೇ ಕಚ್ಚಿಕೊಂಡಿತ್ತು.

ಊಟದ ಬಿಡುವಿನಲ್ಲಿ ನಾನು ಗ್ರೀನ್‌ರೂಮಿಗೆ ಓಡಿದೆ. ಓನರ್ರು ಹಾರದ ಸೇಬೊಂದನ್ನು ಕಿತ್ತು ತಿನ್ನುತ್ತಿದ್ದರು.

“ಏನ್ ಗೌಡ್ರೇ ಇದು?”

“ತೆಗ್ಯಾಕಿಲ್ಲ ಅಂತ ಮಾತು ಕೊಟ್ಟಿದ್ದೆ. ತೆಗ್ದಿದ್ದೀನಾ?”

“ಇಲ್ಲ, ಆದ್ರೆ...”

“ಮ್ಯಾಲೆ ಆಕ್ಕೊಳಾಕಿಲ್ಲ ಅಂತ ಏನಾರ ಅಂದಿದ್ನಾ? ಮೊದಲ್ನೇ ದಿನಾನೇ ಕೇಳ್ದೆ, ಮ್ಯಾಲಕ್ಕೇನು ಅಂತ. ನೀವು ಏನೂ ಇಲ್ಲ ಅಂದ್ರಿ. ಅದ್ಕೇ ನಮ್ಮೋರಿಗೆಲ್ಲ ಏಳಿ ಮಡಗಿದ್ದೆ, ಒಂದೊಂದು ಶಾಲು ತನ್ರಪ್ಪಾ ಅಂತ.” ಆಮೇಲೆ ದನಿ ತಗ್ಗಿಸಿದರು. “ಸೊಸೆ, ಬೀಗ್ರು, ಎಲ್ಲಾ ಮುಂದ್ಗಡೆನೇ ಕುಂತವ್ರೆ ತಾಯಿ. ಬರೀ ಮೈಲಿ ಎಂಗೆ ನಿಲ್ಲಾದು?”

ಆ ಮನುಷ್ಯನ ಸೊಂಟದ ಬಗ್ಗೆ ನಾನು ಮೂರು ತಿಂಗಳು ನಿದ್ದೆಗೆಟ್ಟಿದ್ದೆ, ನಾಚಿಕೆಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಸೇಬು ಕೊಟ್ಟರು, ತಿಂದೆ.

ಮಧ್ಯಾಹ್ನದ ಗದಾಯುದ್ಧದಲ್ಲಿ ಕೋರ್ಟಿನ ಕೇಸೂ ಸ್ವಲ್ಪ ಸೇರಿಕೊಂಡಿತು. ಹಾರ ಹರಿದು ಸೇಬುಗಳು ಸ್ಟೇಜಿನಿಂದ ಉರುಳಿ ಪ್ರೇಕ್ಷಕರೊಳಗೆ ಹೋದವು. ಒಂದು ಸೇಬು ಮೇಡಂ ಕಾಲಿನ ಹತ್ತಿರ ಬಂದು ನಿಂತಿತು. ಅವರು ಅದನ್ನು ಎತ್ತಿ, ಒರೆಸಿ, ಬ್ಯಾಗಿಗೆ ಹಾಕಿಕೊಂಡರು. ರಾಜರು ಶಾಲುಗಳ ಮೇಲೇ ಸುಖವಾಗಿ ಬಿದ್ದು, ದೀರ್ಘವಾದ ಹಾಡೊಂದನ್ನು ಹಾಡಿ ಸತ್ತರು. ಎರಡು ಸಲ ಒನ್ಸ್‌ಮೋರ್ ಆಯಿತು, ಎರಡು ಸಲವೂ ಎದ್ದು ಸತ್ತರು. ಮಂಗಳ ಹಾಡಿದರು.

ಮೇಡಂ ಗ್ರೀನ್‌ರೂಮಿಗೆ ಬಂದರು. ಓನರ್ರನ್ನು ನಿಲ್ಲಿಸಿ ಒಂದೊಂದೇ ಶಾಲು ಎತ್ತಿ ನೋಡಿದರು, ಬಟ್ಟೆ ಅಂಗಡಿಯಲ್ಲಿ ಸೀರೆ ಮಗುಚಿ ನೋಡುವ ಹಾಗೆ. ಜರಿ, ರೇಷ್ಮೆ, ಹಸಿರು, ಮತ್ತೆ ಜರಿ. ತಳದಲ್ಲಿ ಕೆಂಪಂಚಿನ ಉತ್ತರೀಯ. ಅದರ ಕೆಳಗೆ ಕಚ್ಚೆ. ನಾನು ಉಡಿಸಿದ ನೆರಿಗೆ ಅಲ್ಲಲ್ಲೇ ಇತ್ತು.

“ಇದೆ” ಎಂದರು ಮೇಡಂ. “ಮಂಗಳದವರೆಗೂ ತೊಟ್ಟಿದ್ದಾರೆ. ಷರತ್ತು ಪೂರೈಸಿದ ಹಾಗೆ.”

ಸುಮ್ಮನಿದ್ದರೆ ಸಾಕಿತ್ತು. ಚಿಂತೆ ಮಾಡುವವರಿಗೆ ಸುಮ್ಮನಿರಲು ಬರುವುದಿಲ್ಲ. “ಆದ್ರೆ ಮೇಡಂ, ಕಾಣಿಸಲೇ ಇಲ್ಲವಲ್ಲ” ಎಂದೆ.

“ಕಾಣಿಸಬೇಕು ಅಂತ ನಾನು ಎಲ್ಲೂ ಹೇಳಿಲ್ಲ. ಮುಂದಿನ ವರ್ಷದವರಿಗೆ ಹೇಳ್ತೀನಿ.” ಹಸಿರು ಶಾಲನ್ನು ಮಡಿಸುತ್ತ ಮುಂದುವರಿಸಿದರು. “ಆದರೆ ನಿಮ್ಮ ವರದಿ ಅರ್ಧವೇ ಆಯ್ತು. ಒಳಗಿನದನ್ನು ಬರೆದಿದ್ದೀರಿ. ಮೇಲಿನದನ್ನು ಯಾರು ಹಾಕಿದರು, ಯಾಕೆ, ಯಾವ ಬಟ್ಟೆ, ಎಲ್ಲ ಬರೆದುಕೊಡಿ. ಹೊಲಿಗೆ ಇಲ್ಲದ್ದೇ ತಾನೆ ಅದೂ?”

ಓನರ್ರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಇತಿಹಾಸ ಅಲ್ವಾ ಎನ್ನುವ ಹಾಗೆ.

ಶಾಲು ಹಾಕಿದವರ ಮನೆ ಮನೆಗೂ ಹೋದೆ. ಪ್ರತಿ ಮನೆಯಲ್ಲೂ ಕಾಫಿ ಕುಡಿದೆ, ಪ್ರತಿ ಮನೆಯಲ್ಲೂ ನನ್ನನ್ನು ಫಾಲ್ ಹಾಕುತ್ತೀರಾ ಎಂದು ಕೇಳಿದರು. ವರದಿ ಮುಗಿಸಿ ಕೊಟ್ಟೆ. ಸರಿಯಾದ ವಿಳಾಸಕ್ಕೆ ಹೋಗಿದೆಯೋ ಇಲ್ಲವೋ ಎಂದು ಎರಡು ಸಲ ಮೇಲ್ ಮಾಡಿ ಕೇಳಿದೆ. ಹೋಗಿತ್ತು.

ಫಲಿತಾಂಶ ಬಂದ ಬೆಳಿಗ್ಗೆ ನಾನು ಪಾಸಾಗಿದ್ದೆ. ಅದು ನನ್ನದೇ ನಂಬರೋ ಎಂದು ಗಂಡನ ಕೈಯಲ್ಲಿ ಮತ್ತೆ ಓದಿಸುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಓನರ್ರು, ಓನರಮ್ಮ. ಕೈಯಲ್ಲಿ ಜರಿಯ ಶಾಲು, ಪೇಟ, ಏಲಕ್ಕಿ ಹಾರ. ಗಂಡ ಅವರಿಗೆ ಆಗಲೇ ಫೋನ್ ಮಾಡಿ ಹೇಳಿಬಿಟ್ಟಿದ್ದರಂತೆ.

ನಾನು ನೈಟಿಯಲ್ಲಿದ್ದೆ. “ಒಂದ್ನಿಮಿಷ, ಸೀರೆ ಉಟ್ಕೊಂಡು ಬರ್ತೀನಿ” ಎಂದೆ.

“ಯಾಕೆ? ಇದು ಒಳಕ್ಕೆ” ಎಂದರು ಓನರ್ರು, ಶಾಲು ಬಿಡಿಸುತ್ತ. “ಮ್ಯಾಲಕ್ಕೆ ನಾವು ತಂದಿವಿ.”

ಹೊದಿಸಿದರು. ಓನರಮ್ಮ ಹಾರ ಹಾಕಿ ಪೇಟ ಇಟ್ಟರು. ಪೇಟ ನನ್ನ ಕನ್ನಡಕದ ಮೇಲೆ ಇಳಿಯಿತು. ತೆಗೆಯಲೆಂದು ಕೈ ಎತ್ತಿದೆ. ಗಂಡ ಮೊಬೈಲ್ ಹಿಡಿದುಕೊಂಡು, “ತೆಗೀಬೇಡ, ಇನ್ನೂ ಮಂಗಳ ಆಗಿಲ್ಲ” ಎಂದರು.

ಕೈ ಇಳಿಸಿ ನಿಂತೆ. ಶಾಲು ಎಲ್ಲಿ ಜಾರಿ ನೈಟಿ ಫೋಟೋದಲ್ಲಿ ಕಂಡುಬಿಡುತ್ತದೋ ಎಂಬ ಚಿಂತೆ. ಆದರೆ ಹತ್ತಿಯ ನೈಟಿ. ಶಾಲು ಹಾಕಿದ ಜಾಗದಲ್ಲೇ ಕೂತಿತ್ತು.